ಸ್ಕ್ಯಾನರ್ ನಂಬರ್ ಹೇಳುತ್ತದೆ, ಕಾರಣ ಹೇಳುವವರು ಯಾರು?

ನಮ್ಮ ಕರಾವಳಿಯಲ್ಲಿ ‘ಉಸ್ತಾದ್’ ಎಂದರೆ ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರು. ಕಲಬುರಗಿಗೆ ಬಂದರೆ ಅದೇ ಮಾತು ಗ್ಯಾರೇಜಿನಲ್ಲಿ ಕೇಳಿಸುತ್ತದೆ. ಹುಮನಾಬಾದ್ ರಸ್ತೆಯಲ್ಲಿ, ರಿಂಗ್ ರೋಡಿನ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳ ನಡುವೆ ಪಾನಾ ಹಿಡಿದವರೇ ಅಲ್ಲಿನ ಉಸ್ತಾದ್. ಅವರ ಕೈಕೆಳಗೆ ಎಣ್ಣೆ ಮೆತ್ತಿದ ಅಂಗಿಯಲ್ಲಿ ಓಡಾಡುವ ಹುಡುಗ ಶಾಗಿರ್ದ್. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಉಸ್ತಾದ್ ಕೇಳಿಸಿಕೊಂಡ ಸದ್ದನ್ನು ಶಾಗಿರ್ದ್ ಕೇಳಿಸಿಕೊಳ್ಳಬೇಕು, ಉಸ್ತಾದ್ ಮೂಸಿ ನೋಡಿದ ಹೊಗೆಯನ್ನು ಅವನೂ ಮೂಸಬೇಕು. ಹೀಗೆ ಹತ್ತು ವರ್ಷ ಕಳೆದರೆ ಅವನೂ ಒಬ್ಬ ಉಸ್ತಾದ್. ಹಝ್ರತ್ ಖ್ವಾಜಾ ಬಂದೇ ನವಾಝ್ ದರ್ಗಾಕ್ಕೆಂದು ಮಂಗಳೂರು, ಉಡುಪಿ ಕಡೆಯಿಂದ ಗಾಡಿ ಮಾಡಿಕೊಂಡು ಬರುವ ನಮ್ಮವರು, ದಾರಿಯಲ್ಲಿ ಗಾಡಿ ಕೈಕೊಟ್ಟರೆ ಹುಡುಕಿಕೊಂಡು ಹೋಗುವುದು ಇವರನ್ನೇ.

ಈ ಕಸುಬು ಈಗ ಕಷ್ಟಕ್ಕೆ ಸಿಕ್ಕಿದೆ. ಕೆಲಸ ಗೊತ್ತಿಲ್ಲ ಅಂತಲ್ಲ, ಗಾಡಿಯೇ ಬೇರೆ ಆಗಿಬಿಟ್ಟಿದೆ. ಅಂಬಾಸಿಡರ್‌ನ ಎಂಜಿನ್ ಬಿಚ್ಚಿ ಕಟ್ಟಿದ ಕೈಗೆ ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ, ಅದರ ಸುತ್ತ ವೈರು. ಇದನ್ನು ಬರೀ ಮೆಕ್ಯಾನಿಕ್‌ಗಳ ಸಮಸ್ಯೆ ಎಂದು ಬಿಡುವ ಹಾಗಿಲ್ಲ. 2006ರ ಸಾಚಾರ್ ಸಮಿತಿ ವರದಿ, ಮುಸ್ಲಿಂ ದುಡಿಮೆಗಾರರು ಹೆಚ್ಚಾಗಿ ಸ್ವಂತದ ಸಣ್ಣ ಕಸುಬುಗಳಲ್ಲಿದ್ದಾರೆ, ವಾಹನ ರಿಪೇರಿಯೂ ಅವುಗಳಲ್ಲಿ ಒಂದು ಎಂದು ಗುರುತಿಸಿತ್ತು. ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದ. ಆದ್ದರಿಂದ ಇದರ ಬಗ್ಗೆ ನಾವು ಸ್ವಲ್ಪ ಕೂತು ಮಾತಾಡಬೇಕಾಗಿದೆ.

ಗಾಡಿಯೊಳಗೆ ಆದದ್ದೇನು?

ಅಂಬಾಸಿಡರ್ ತಯಾರಿ ನಿಂತದ್ದು 2014ರ ಮೇ ತಿಂಗಳಲ್ಲಿ. 1983ರಲ್ಲಿ ಬಂದ ಮಾರುತಿ 800 ಕೂಡ ಅದೇ ವರ್ಷ ಜನವರಿಯಲ್ಲಿ ನಿಂತಿತು. ಹಳೇ ಗಾಡಿಗಳಲ್ಲಿ ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸುತ್ತಿದ್ದದ್ದು ಕಾರ್ಬುರೇಟರ್. ಒಂದು ಸ್ಕ್ರೂ ಡ್ರೈವರ್ ಇದ್ದರೆ ಸಾಕು, ಕಿವಿ ಕೊಟ್ಟು ಟ್ಯೂನಿಂಗ್ ಮಾಡಬಹುದಿತ್ತು. ಈಗ ಆ ಕೆಲಸ ಮಾಡುವುದು ಕಂಪ್ಯೂಟರ್. ಅದಕ್ಕೆ ಇಸಿಯು ಎನ್ನುತ್ತಾರೆ. ಗಾಳಿ ಎಷ್ಟು ಬಂತು, ಎಂಜಿನ್ ಎಷ್ಟು ಬಿಸಿ ಇದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರ್‌ಗಳು ಹೇಳುತ್ತವೆ. ಎಷ್ಟು ಪೆಟ್ರೋಲ್ ಬಿಡಬೇಕೆಂದು ಇಸಿಯು ತೀರ್ಮಾನಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ನಡೆಯುತ್ತದೆ.

ಇಂಥ ಕಂಪ್ಯೂಟರ್ ಒಂದೇ ಅಲ್ಲ. ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು, ಸ್ಟೀರಿಂಗಿಗೆ ಒಂದು, ಬಾಗಿಲು ಮತ್ತು ದೀಪಗಳಿಗೆ ಇನ್ನೊಂದು. ದುಬಾರಿ ಕಾರುಗಳಲ್ಲಿ ಇವುಗಳ ಸಂಖ್ಯೆ ನೂರರ ಆಸುಪಾಸಿಗೆ ಹೋಗುತ್ತದೆ. ಇವು ಒಂದರ ಜತೆ ಒಂದು ಮಾತಾಡಲು ಎರಡು ವೈರುಗಳ ಒಂದು ಜಾಲ ಉಂಟು. ಕ್ಯಾನ್ ಎಂದು ಅದರ ಹೆಸರು. ಜರ್ಮನಿಯ ಬಾಷ್ ಕಂಪೆನಿ ಅದನ್ನು 1986ರಲ್ಲಿ ಜಗತ್ತಿನ ಮುಂದಿಟ್ಟಿತು. ಆದ್ದರಿಂದಲೇ ಈಗ ಹಿಂದಿನ ಚಕ್ರದ ಒಂದು ಸೆನ್ಸರಿಗೆ ಕೆಸರು ಮೆತ್ತಿದರೆ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಮೂರು ದೀಪ ಒಟ್ಟಿಗೆ ಹತ್ತುತ್ತವೆ. ಗಾಡಿಯವರು ಬಂದು “ಲೈಟ್ ಹತ್ಯಾದ್ರಿ, ಗಾಡಿ ಎಳೀವಲ್ದು” ಅಂದರೆ, ರೋಗ ಯಾವ ಮೂಲೆಯಲ್ಲಿದೆ ಎಂದು ಸದ್ದು ಕೇಳಿ ಹೇಳುವ ಕಾಲ ಮುಗಿಯಿತು.

ಕಮಲಾಪುರ ರಸ್ತೆ ಮತ್ತು ಹೊಗೆಯ ಲೆಕ್ಕ

ಇದೆಲ್ಲ ಯಾರೋ ಸುಮ್ಮನೆ ತಂದು ತುರುಕಿದ್ದಲ್ಲ. ಹೆಚ್ಚಿನದ್ದು ನಮ್ಮ ಉಸಿರಿಗಾಗಿ, ಜೀವಕ್ಕಾಗಿ ಬಂದದ್ದು. 2017ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-4 ಬಂತು. ಆಮೇಲೆ ಐದನೆಯದ್ದನ್ನು ಬಿಟ್ಟು 2020ರ ಏಪ್ರಿಲ್ 1ರಿಂದ ನೇರ ಬಿಎಸ್-6. ಡೀಸೆಲ್ ಕಾರು ಕಿಲೋಮೀಟರಿಗೆ 0.025 ಗ್ರಾಂ ಕಪ್ಪು ಧೂಳು ಬಿಡಬಹುದಾಗಿದ್ದದ್ದು 0.0045 ಗ್ರಾಂಗೆ ಇಳಿಯಿತು. ಡೀಸೆಲಿನಲ್ಲಿರುವ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಬಂತು. 2019ರಲ್ಲಿ ಕಾರುಗಳಿಗೆ ಎಬಿಎಸ್ ಬ್ರೇಕ್ ಮತ್ತು ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಒಂದೊಂದು ನಿಯಮದ ಹಿಂದೆ ಒಂದೊಂದು ಯಂತ್ರ, ಅದರ ಹಿಂದೆ ನಾಲ್ಕು ಸೆನ್ಸರ್.

ಡೀಸೆಲ್ ಗಾಡಿಯ ಡಿಪಿಎಫ್ ಎಂಬುದನ್ನು ತೆಗೆದುಕೊಳ್ಳಿ. ಸೈಲೆನ್ಸರ್ ದಾರಿಯಲ್ಲಿ ಕೂತಿರುವ ಜೇನುಗೂಡಿನಂಥ ಜರಡಿ ಅದು. ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜರಡಿ ತುಂಬಿದಾಗ ಸುಮಾರು 600 ಡಿಗ್ರಿ ಬಿಸಿ ಏರಿಸಿ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅಷ್ಟು ಬಿಸಿ ಬರಬೇಕಾದರೆ ಗಾಡಿ ಸ್ವಲ್ಪ ಹೊತ್ತು ನಿಲ್ಲದೆ ಒಂದೇ ವೇಗದಲ್ಲಿ ಓಡಬೇಕು. ಕಲಬುರಗಿ ಸೂಪರ್ ಮಾರ್ಕೆಟ್‌ನಿಂದ ಸ್ಟೇಷನ್‌ಗೆ, ಅಲ್ಲಿಂದ ಗಂಜಿಗೆ ದಿನವಿಡೀ ಬ್ರೇಕ್ ಒತ್ತಿಕೊಂಡು ಓಡುವ ಗಾಡಿಗೆ ಆ ಬಿಸಿ ಸಿಗುವುದೇ ಇಲ್ಲ. ಜರಡಿ ಕಟ್ಟಿಕೊಳ್ಳುತ್ತದೆ, ಹಳದಿ ದೀಪ ಹತ್ತುತ್ತದೆ. ಕೊನೆಗೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಂಡು ಕುಂಟುತ್ತದೆ.

ಇದಕ್ಕೆ ಮೊದಲ ಮದ್ದು ಗ್ಯಾರೇಜಿನಲ್ಲಿಲ್ಲ, ರಸ್ತೆಯಲ್ಲುಂಟು. ಹಳದಿ ದೀಪ ಹೊಸದಾಗಿ ಹತ್ತಿದ್ದರೆ, ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇದ್ದರೆ, ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹುಮನಾಬಾದ್ ದಿಕ್ಕಿಗೆ ಕಮಲಾಪುರದ ತನಕ ಸಮನಾದ ವೇಗದಲ್ಲಿ ಹೋಗಿ ಬಂದರೆ ಎಷ್ಟೋ ಸಲ ಜರಡಿ ತಾನೇ ಶುದ್ಧವಾಗುತ್ತದೆ. ದೀಪ ಮಿನುಗುತ್ತಿದ್ದರೆ ಅಥವಾ ಕೆಂಪಾಗಿದ್ದರೆ ಈ ಉಪಾಯ ಬೇಡ, ನೇರ ಸರ್ವಿಸಿಗೆ ಒಯ್ಯಬೇಕು. ಇಂಥ ಗಾಡಿಗೆ ಬೂದಿ ಕಡಿಮೆ ಬಿಡುವ ಎಂಜಿನ್ ಆಯಿಲ್ಲೇ ಹಾಕಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೇ ಗಾಡಿಯ ಆಯಿಲ್ ಸುರಿದರೆ ಅದರ ಬೂದಿ ಜರಡಿಯಲ್ಲಿ ಕೂರುತ್ತದೆ. ಬೂದಿ ಸುಟ್ಟು ಹೋಗುವಂಥದ್ದಲ್ಲ.

ಕೆಲವು ಬಿಎಸ್-6 ಡೀಸೆಲ್ ಗಾಡಿಗಳಿಗೆ ಡಿಇಎಫ್ ಎಂಬ ದ್ರವ ಬೇರೆ ಬೇಕು. ಅದು ಶೇ. 32.5 ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಯೂರಿಯಾ ತಾನೆ ಎಂದು ಹೊಲಕ್ಕೆ ಹಾಕುವ ಗೊಬ್ಬರವನ್ನು ಬೋರ್‌ವೆಲ್ ನೀರಿನಲ್ಲಿ ಕಲಸಿ ಹಾಕಿದರೆ ಪಂಪು, ನಳಿಗೆ ಎರಡೂ ಕಟ್ಟಿಕೊಳ್ಳುತ್ತವೆ. ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಳ್ಳುವ ವ್ಯಾಪಾರ.

ಕಮಲಾಪುರ ಎಂದರೆ ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ಈಗ ಅದು ತಾಲೂಕು ಕೇಂದ್ರ. ಆದರೆ ಕಂಪೆನಿಗಳ ದೊಡ್ಡ ಸರ್ವಿಸ್ ಸೆಂಟರ್‌ಗಳು ಇರುವುದು ಮೂವತ್ತೈದು-ನಲವತ್ತು ಕಿ.ಮೀ. ದೂರದ ಕಲಬುರಗಿಯಲ್ಲಿ. ಬಾಳೆ ತುಂಬಿಕೊಂಡ ಪಿಕಪ್ ಗಾಡಿ ಬೆಳಗ್ಗೆ ಐದು ಗಂಟೆಗೆ ಕುಂಟಲು ಶುರು ಮಾಡಿದರೆ ರೈತ ಯಾರನ್ನು ಕರೆಯಬೇಕು? ಊರ ಮಿಸ್ತ್ರಿಯನ್ನೇ. ಮಿಸ್ತ್ರಿಯ ಬಳಿ ಸ್ಕ್ಯಾನರ್ ಇಲ್ಲದಿದ್ದರೆ ಗಾಡಿಯನ್ನು ಎಳೆಸಿಕೊಂಡು ನಗರಕ್ಕೆ ಹೋಗಬೇಕು. ಅಷ್ಟರಲ್ಲಿ ಆ ದಿನದ ಮಾರುಕಟ್ಟೆ ಮುಗಿದಿರುತ್ತದೆ. ಮಿಸ್ತ್ರಿಗೆ ವಿದ್ಯೆ ತಲುಪದಿದ್ದರೆ ನಷ್ಟ ಅವನೊಬ್ಬನಿಗಲ್ಲ ಎನ್ನುವುದು ಇದಕ್ಕೇ.

ದೀಪ ಆರಿಸಿದರೆ ರಿಪೇರಿ ಆಗಲಿಲ್ಲ

ಈಗಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ ಅದು ಕಡ್ಡಾಯ. ಆಮೇಲೆ ಎಲ್ಲಾ ಕಡೆ ಬಂತು. ಸ್ಕ್ಯಾನರ್ ಚುಚ್ಚಿದರೆ ಇಸಿಯು ಒಂದು ನಂಬರ್ ಕೊಡುತ್ತದೆ. ಉದಾಹರಣೆಗೆ ಪಿ-0420 ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು.

ಇಲ್ಲಿಯೇ ಹಲವರು ಎಡವುತ್ತಾರೆ. ನಂಬರ್ ಬಂತು, ಕನ್ವರ್ಟರ್ ಬದಲಿಸಿ ಎನ್ನುತ್ತಾರೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂನಂಥ ಬೆಲೆಬಾಳುವ ಲೋಹ ಇರುವುದರಿಂದ ಬಿಲ್ಲು ದೊಡ್ಡದಾಗುತ್ತದೆ. ಬದಲಿಸಿ ವಾರ ಕಳೆಯುವುದರೊಳಗೆ ದೀಪ ಮತ್ತೆ ಹಾಜರು. ಯಾಕೆಂದರೆ ಅದೇ ನಂಬರ್ ಸೈಲೆನ್ಸರಿನ ಒಂದು ಸಣ್ಣ ಬಿರುಕಿನಿಂದ ಬರಬಹುದು, ಹಳತಾದ ಆಕ್ಸಿಜನ್ ಸೆನ್ಸರಿನಿಂದ ಬರಬಹುದು, ಒಂದು ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೂ ಬರಬಹುದು. ಸ್ಕ್ಯಾನರ್ ಹೇಳುವುದು ಎಲ್ಲಿ ನೋವು ಎಂದು ಮಾತ್ರ. ಯಾಕೆ ನೋವು ಎಂದಲ್ಲ. ಅದನ್ನು ಹುಡುಕಲು ಹಳೇ ಉಸ್ತಾದರ ಕೈ, ಕಣ್ಣು, ತಾಳ್ಮೆಯೇ ಬೇಕು. ಹಾಗಾಗಿ ಕಂಪ್ಯೂಟರ್ ಬಂದು ಅನುಭವವನ್ನು ನುಂಗಿತು ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಅನುಭವದ ಜತೆ ಓದು ಸೇರಬೇಕು, ಅಷ್ಟೇ.

ಇನ್ನೊಂದು ಕೆಟ್ಟ ಚಾಳಿ, ಕೋಡ್ ಅಳಿಸಿ ದೀಪ ಆರಿಸಿ ಕಳಿಸುವುದು. ನಾಲ್ಕು ದಿನ ಗಿರಾಕಿ ಖುಷಿ. ಎಂಜಿನ್ ದೀಪ ಆದರೆ ಹಾಳಾಗುವುದು ಕಾಸು. ಎಬಿಎಸ್ ಅಥವಾ ಏರ್‌ಬ್ಯಾಗ್ ದೀಪ ಆದರೆ ಹೋಗುವುದು ಜೀವ. ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಬದಲಿಸದೆ, ಮುಚ್ಚಳ ಅಂಟಿಸಿ, ದೀಪವನ್ನೇ ಕಿತ್ತು ಮಾರುವವರು ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಒಂದು ಕೆಲಸ ಮಾಡಿ. ಎಂಜಿನ್ ಶುರು ಮಾಡುವ ಮೊದಲು ಕೀ ಮಾತ್ರ ತಿರುಗಿಸಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ದೀಪಗಳೆಲ್ಲ ಒಮ್ಮೆ ಹತ್ತಬೇಕು. ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು, ಎಂಜಿನ್ ದೀಪ ಗಾಡಿ ಶುರುವಾದ ಮೇಲೆ ಆರಬೇಕು. ಆರದಿದ್ದರೆ ದೋಷ ಉಂಟು. ಹತ್ತಲೇ ಇಲ್ಲ ಎಂದಾದರೆ ಅದು ಇನ್ನೂ ಕೆಟ್ಟದ್ದು. ಯಾರೋ ದೀಪಕ್ಕೇ ಕೈ ಹಾಕಿದ್ದಾರೆ. ದೋಷ ಮುಚ್ಚಿಟ್ಟು ಮಾರುವುದು ನಮ್ಮಲ್ಲಿ ಎಂಥ ತಪ್ಪು ಎಂದು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿಗೆ ಕ್ಯಾರಿಯರ್ ಅಥವಾ ಬಂಪರ್ ವೆಲ್ಡಿಂಗ್ ಮಾಡಿಸುವಾಗ ಮೊದಲು ಬ್ಯಾಟರಿಯ ವೈರ್ ಕಳಚಿಸಿ. ವೆಲ್ಡಿಂಗ್ ಕರೆಂಟ್ ದಾರಿ ತಪ್ಪಿ ಇಸಿಯುಗೆ ಹೊಕ್ಕರೆ ಅಲ್ಲಿಗೆ ಮುಗಿಯಿತು. ಹಾಗೇ ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪನೆಯ ಸೀಟ್ ಕವರ್ ಹೊಲಿಸಬೇಡಿ; ಬ್ಯಾಗ್ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಬೀಗ ಹಾಕಿದ ವಿದ್ಯೆ

ಮಿಸ್ತ್ರಿ ಕಲಿಯಲು ತಯಾರಿದ್ದರೂ ಕಲಿಸುವ ಬಾಗಿಲು ತೆರೆದಿರಬೇಕಲ್ವಾ? ಸಾಮಾನ್ಯ ಸ್ಕ್ಯಾನರ್ ಎಂಜಿನ್ನಿನ ಕೆಲವು ನಂಬರ್ ಓದುತ್ತದೆ. ಆದರೆ ಹೊಸ ಕೀ ಜೋಡಿಸಲು, ಬದಲಿಸಿದ ಇಸಿಯುವನ್ನು ಗಾಡಿಗೆ ಪರಿಚಯಿಸಲು, ಗಾಜಿನ ಹಿಂದಿನ ಕ್ಯಾಮರಾವನ್ನು ಸರಿಹೊಂದಿಸಲು ಕಂಪೆನಿಯ ಸಾಫ್ಟ್‌ವೇರೇ ಬೇಕು. ಅದು ಹೊರಗಿನವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಇದು ಬರೀ ಮಿಸ್ತ್ರಿಗಳ ಗೊಣಗಾಟ ಅಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ಹಾಕಿತ್ತು. ಬಿಡಿಭಾಗಗಳನ್ನು, ದೋಷ ಹುಡುಕುವ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಎಂಬುದೇ ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕಬಾರದು ಎಂದೂ ಆಯೋಗ ಹೇಳಿತು. ಕಂಪೆನಿಗಳು ಮೇಲ್ಮನವಿಗೆ ಹೋದವು, ವಿಷಯ ವರ್ಷಗಟ್ಟಲೆ ಎಳೆಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣ, ಮೊಬೈಲ್, ಮನೆಬಳಕೆ ಸಾಮಾನಿನ ಜತೆ ವಾಹನವೂ ಉಂಟು. ಆ ವರ್ಷದ ಡಿಸೆಂಬರ್ 24ರಂದು ಒಂದು ಪೋರ್ಟಲ್ ಕೂಡ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಇದಕ್ಕೆ ಕಾನೂನು ಮಾಡಿತ್ತು. ನಮ್ಮಲ್ಲಿ ಪೋರ್ಟಲ್‌ನಿಂದ ಕಾನೂನಿನ ತನಕ ದಾರಿ ಇನ್ನೂ ಸಾಗಬೇಕು.

ಸುರಕ್ಷತೆಗಾಗಿ ಬೀಗ ಎಂದು ಕಂಪೆನಿಗಳು ಹೇಳುತ್ತವೆ. ಅದರಲ್ಲಿ ಸತ್ಯವೂ ಉಂಟು. 2015ರ ಜುಲೈಯಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಕಾರನ್ನು ದೂರದಿಂದಲೇ ಕಂಪ್ಯೂಟರ್ ಮೂಲಕ ಹತೋಟಿಗೆ ತೆಗೆದುಕೊಂಡು ತೋರಿಸಿದ ಮೇಲೆ 14 ಲಕ್ಷ ಗಾಡಿಗಳನ್ನು ವಾಪಸ್ ಕರೆಯಬೇಕಾಯಿತು. ಆದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಪ್ರಕರಣ ಹೊರಬಿತ್ತು. ಹೊಗೆ ಪರೀಕ್ಷೆ ನಡೆಯುವಾಗ ಮಾತ್ರ ಶುದ್ಧವಾಗಿ ಓಡುವ, ರಸ್ತೆಗಿಳಿದರೆ ಮಿತಿ ಮೀರಿ ವಿಷ ಬಿಡುವ ಸಾಫ್ಟ್‌ವೇರ್ ಜಗತ್ತಿನ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿತ್ತು. ಮೊದಲನೆಯದ್ದು ಬೀಗ ಬೇಕು ಎನ್ನುತ್ತದೆ, ಎರಡನೆಯದ್ದು ಕೀಲಿ ಕಂಪೆನಿಯ ಕೈಯಲ್ಲಿ ಮಾತ್ರ ಇರಬಾರದು ಎನ್ನುತ್ತದೆ. ತರಬೇತಿ ಪಡೆದು, ನೋಂದಾಯಿಸಿಕೊಂಡ ಗ್ಯಾರೇಜಿಗೆ ನ್ಯಾಯವಾದ ಬೆಲೆಗೆ ಮಾಹಿತಿ ಕೊಡುವುದು ನಡುವಿನ ದಾರಿ.

ಕರೆಂಟ್ ಗಾಡಿಗೆ ಬರಿಗೈ ಬೇಡ

ವಿದ್ಯುತ್ ವಾಹನಗಳಿಗೆ ನೀತಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ, ಅದು 2017ರಲ್ಲಿ. ಈಗ ಕಲಬುರಗಿ ರಸ್ತೆಯಲ್ಲೂ ಕರೆಂಟ್ ಸ್ಕೂಟರ್, ಆಟೋ, ಕಾರು ಓಡುತ್ತವೆ. ಇಲ್ಲಿ ಸಂಗತಿ ಬೇರೆ. ಹಳೇ ಗಾಡಿಯ 12 ವೋಲ್ಟ್ ಬ್ಯಾಟರಿ ಮುಟ್ಟಿದರೆ ಏನೂ ಆಗುವುದಿಲ್ಲ. ಕರೆಂಟ್ ಕಾರಿನಲ್ಲಿ ಇರುವುದು 300-400 ವೋಲ್ಟ್. ಕಿತ್ತಳೆ ಬಣ್ಣದ ವೈರು ಕಂಡರೆ ಅದು ಎಚ್ಚರಿಕೆ. ವಿದ್ಯುತ್ ತಡೆಯುವ ಕೈಗವಸು ಇಲ್ಲದೆ, ಸರ್ವಿಸ್ ಪ್ಲಗ್ ತೆಗೆಯದೆ, ಕಂಪೆನಿ ಹೇಳಿದಷ್ಟು ಹೊತ್ತು ಕಾಯದೆ ಕೈ ಹಾಕುವಂತಿಲ್ಲ. “ನೋಡೇ ಬಿಡೋಣ” ಎಂಬ ಧೈರ್ಯದಿಂದ ಕಲಿತ ಎಷ್ಟೋ ಉಸ್ತಾದರಿದ್ದಾರೆ. ಈ ಗಾಡಿಯ ಮುಂದೆ ಆ ಧೈರ್ಯ ನಡೆಯುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದು ಮನೆಯಿಂದ. ಹುಡುಗ ಓದಿನಲ್ಲಿ ಹಿಂದೆ ಬಿದ್ದ ಎಂದು ಏಳನೇ ಕ್ಲಾಸಿಗೇ ಬಿಡಿಸಿ ಗ್ಯಾರೇಜಿಗೆ ಸೇರಿಸುವುದು ಇನ್ನೂ ನಿಂತಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿಗೆ ವಿರುದ್ಧ, ಅದು ಒಂದು ಮಾತು. ಇನ್ನೊಂದು ಮಾತು, ಹಾಗೆ ಸೇರಿದವನಿಗೆ ಮುಂದೆ ಸ್ಕ್ಯಾನರಿನ ಇಂಗ್ಲಿಷ್ ಓದಲು ಬರುವುದಿಲ್ಲ, ವೈರಿಂಗ್ ನಕ್ಷೆ ಅರ್ಥವಾಗುವುದಿಲ್ಲ. ಅವನು ಜೀವನಪೂರ್ತಿ ಟಯರ್ ಬಿಚ್ಚುವ ಕೆಲಸದಲ್ಲೇ ಉಳಿಯುತ್ತಾನೆ. ಗ್ಯಾರೇಜ್ ಕಸುಬು ಕೀಳಲ್ಲ, ಹಲಾಲಾದ ದುಡಿಮೆ. ಆದರೆ ಎಸೆಸೆಲ್ಸಿ ಮುಗಿಸಿ ಹೋಗಲಿ.

ಎಸೆಸೆಲ್ಸಿ ಆದವರಿಗೆ ಐಟಿಐಯಲ್ಲಿ ಎರಡು ವರ್ಷದ ‘ಮೆಕ್ಯಾನಿಕ್ ಮೋಟರ್ ವೆಹಿಕಲ್’ ಟ್ರೇಡ್ ಉಂಟು. ವಿದ್ಯುತ್ ವಾಹನಕ್ಕೂ ಈಗ ಪ್ರತ್ಯೇಕ ಟ್ರೇಡ್ ಬಂದಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ನಿಮ್ಮ ಊರಿನ ಐಟಿಐಯಲ್ಲಿ ಏನೇನು ಬಂದಿದೆ ಎಂದು ಹೋಗಿ ಕೇಳಿ. ಕೇಳದೆ ಬಿಟ್ಟರೆ ಸೀಟು ಖಾಲಿ, ಹುಡುಗನೂ ಖಾಲಿ.

ಈಗಾಗಲೇ ಇಪ್ಪತ್ತು ವರ್ಷ ದುಡಿದ ಉಸ್ತಾದರಿಗೆ ಶಾಲೆಗೆ ಹೋಗಿ ಎನ್ನಲಾಗುವುದಿಲ್ಲ. ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಉಂಟು, ಆರ್‌ಪಿಎಲ್ ಎನ್ನುತ್ತಾರೆ. 2023ರಲ್ಲಿ ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕಮ್ಮಾರ, ಟೈಲರ್ ಎಲ್ಲ ಇದ್ದಾರೆ, ಮೋಟರ್ ಮೆಕ್ಯಾನಿಕ್ ಮಾತ್ರ ಇಲ್ಲ. ಇದನ್ನು ಸೇರಿಸಿ ಎಂದು ಕೇಳುವ ಸಂಘ ನಮ್ಮಲ್ಲಿ ಬೇಕು. ಸಲಕರಣೆಗೆ ಹಣ ಬೇಕಾದವರು ಮುದ್ರಾ ಸಾಲವನ್ನೂ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯನ್ನೂ ವಿಚಾರಿಸಬಹುದು.

ಎರಡನೆಯದು ಒಟ್ಟಾಗುವುದು. ಒಳ್ಳೆಯ ಸ್ಕ್ಯಾನರ್ ಒಬ್ಬನಿಗೆ ಭಾರ, ಆರು ಗ್ಯಾರೇಜಿಗೆ ಹಗುರ. ಕಮಲಾಪುರದಂಥ ಊರಲ್ಲಿ ನಾಲ್ಕು ಮಿಸ್ತ್ರಿಗಳು ಸೇರಿ ಒಂದು ಕೊಂಡರೆ ಬಾಳೆ ಗಾಡಿ ಕಲಬುರಗಿ ತನಕ ಎಳೆಸಿಕೊಳ್ಳಬೇಕಾಗಿಲ್ಲ. ನಗರದಲ್ಲಿ 1958ರಲ್ಲಿ ಶುರುವಾದ ಪಿಡಿಎ ಇಂಜಿನಿಯರಿಂಗ್ ಕಾಲೇಜು ಉಂಟು, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಉಂಟು. ಅಲ್ಲಿಯ ವಿದ್ಯಾರ್ಥಿಗಳು ತಿಂಗಳಿಗೆ ಒಂದು ಭಾನುವಾರ ಗ್ಯಾರೇಜಿಗೆ ಬಂದು ಇಂಗ್ಲಿಷ್ ಕೋಡುಗಳನ್ನು ಕನ್ನಡದಲ್ಲೋ ದಖ್ಖನಿಯಲ್ಲೋ ಬಿಡಿಸಿ ಹೇಳಿದರೆ, ಉಸ್ತಾದರು ಅವರಿಗೆ ಪಾನಾ ಹಿಡಿಯುವುದನ್ನು ಕಲಿಸಬಹುದು. ಇಬ್ಬರಿಗೂ ಲಾಭ. ಜಮಾಅತ್ ಕಮಿಟಿಗಳು, ಯುವಕ ಸಂಘಗಳು ಹೊಲಿಗೆ ಯಂತ್ರ ಹಂಚುತ್ತವೆ, ಒಳ್ಳೆಯ ಕೆಲಸ. ಒಂದು ವರ್ಷ ಅದರ ಜತೆ ಒಂದು ಸ್ಕ್ಯಾನರೂ ಇರಲಿ.

ಮೂರನೆಯದು ಗಾಡಿ ಇರುವ ನಮ್ಮೆಲ್ಲರ ಪಾಲು. “ಏನಾದ್ರೂ ಮಾಡಿ ದೀಪ ಆರಿಸಿ ಕೊಡಿ” ಎಂದು ಮಿಸ್ತ್ರಿಯನ್ನು ಒತ್ತಾಯಿಸಬಾರದು. ಡಿಪಿಎಫ್ ಕಿತ್ತು ಹಾಕಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಆ ಮಸಿ ಹೋಗುವುದೂ ನಮ್ಮದೇ ಮಕ್ಕಳ ಎದೆಗೆ. ಕಾರಣ ಹುಡುಕಲು ಮಿಸ್ತ್ರಿ ಒಂದು ಗಂಟೆ ತೆಗೆದುಕೊಂಡರೆ ಆ ಗಂಟೆಗೂ ಕೂಲಿ ಕೊಡಬೇಕು. ಪಾರ್ಟ್ ಬದಲಿಸಿದ್ದಕ್ಕೆ ಮಾತ್ರ ದುಡ್ಡು, ತಲೆ ಓಡಿಸಿದ್ದಕ್ಕೆ ಬರೀ ಚಹಾ ಎಂಬ ನಮ್ಮ ಅಭ್ಯಾಸವೇ ಎಷ್ಟೋ ಮಿಸ್ತ್ರಿಗಳನ್ನು ಸುಮ್ಮನೆ ಪಾರ್ಟ್ ಬದಲಿಸುವವರನ್ನಾಗಿ ಮಾಡಿದೆ.

ಗಾಡಿ ಇನ್ನಷ್ಟು ಜಟಿಲ ಆಗುತ್ತಲೇ ಹೋಗುತ್ತದೆ, ಅದನ್ನು ತಡೆಯಲು ಯಾರಿಂದಲೂ ಆಗದು. ಆ ಜಟಿಲತೆಯ ಎದುರು ನಮ್ಮ ಹುಡುಗರು ಬರಿಗೈಯಲ್ಲಿ ನಿಲ್ಲಬೇಕೋ, ಓದು ಮತ್ತು ಸಲಕರಣೆ ಹಿಡಿದು ನಿಲ್ಲಬೇಕೋ ಎಂಬುದನ್ನು ಮಾತ್ರ ನಾವು ತೀರ್ಮಾನಿಸಬಹುದು. ಈ ಏಪ್ರಿಲ್-ಮೇಯಲ್ಲಿ ಎಸೆಸೆಲ್ಸಿ ಫಲಿತಾಂಶ ಬಂದಾಗ ನಿಮ್ಮ ಮೊಹಲ್ಲಾದ ಒಬ್ಬ ಹುಡುಗನನ್ನಾದರೂ ಕರೆದುಕೊಂಡು ಹೋಗಿ ಐಟಿಐಯ ಅರ್ಜಿ ತುಂಬಿಸಿ.